ಬಿಟ್ಟ ಸೀಟಿಗಾಗಿ ಮತ್ತೆ ಬಾಗಿಲು ತಟ್ಟುವ ಮುನ್ನ

ವೈದ್ಯಕೀಯ ಸೀಟು ದೊರೆಯದೆ ನಿರಾಶರಾದವರ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ದೊರೆತ ಸೀಟನ್ನು ತಾವಾಗಿಯೇ ಬಿಟ್ಟುಕೊಟ್ಟು, ಕೆಲವು ತಿಂಗಳುಗಳ ಬಳಿಕ ಅದೇ ಬಾಗಿಲಿನ ಮುಂದೆ ಮತ್ತೆ ನಿಲ್ಲಬಯಸುವವರ ವಿಷಯ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮನೆಯವರು ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಮದುವೆ ಮುಂಜಿಗಳಲ್ಲಿ ಕಲೆತ ಬಂಧುಗಳು, “ಏನಮ್ಮಾ, ಕೈಗೆ ಬಂದ ಸೀಟನ್ನು ಬಿಟ್ಟೆಯಂತೆ?” ಎಂದು ಕೇಳಿದರೆ ಹುಡುಗಿ ತಲೆ ತಗ್ಗಿಸುತ್ತಾಳೆ, ತಾಯಿ ಮಾತು ಬದಲಿಸುತ್ತಾಳೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಇಂತಹ ಮಕ್ಕಳಿದ್ದಾರೆ. ಅವರಿಗೆ ಬೇಕಾಗಿರುವುದು ನಿಂದೆಯೂ ಅಲ್ಲ, ಬರಿಯ ಧೈರ್ಯದ ಮಾತೂ ಅಲ್ಲ; ಕಳೆದುಹೋದುದು ಏನು, ಉಳಿದಿರುವುದು ಏನು, ಮುಂದಿನ ಹೆಜ್ಜೆಯನ್ನು ಯಾವ ಆಧಾರದ ಮೇಲೆ ಇಡಬೇಕು ಎಂಬುದರ ಸ್ಪಷ್ಟವಾದ ತಿಳುವಳಿಕೆ.

ಏಕೆ ಬಿಡುತ್ತಾರೆ?

ಸೀಟನ್ನು ಬಿಡುವವರೆಲ್ಲರೂ ಅಹಂಕಾರದಿಂದಲೋ ಅವಿವೇಕದಿಂದಲೋ ಬಿಡುವವರಲ್ಲ. ಕಾರಣಗಳನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಐದು ಬಗೆಗಳು ಕಂಡುಬರುತ್ತವೆ.

ಮೊದಲನೆಯದು ದೂರ. ಅಖಿಲ ಭಾರತ ಕೋಟಾದಲ್ಲಿ ಸೀಟು ದೇಶದ ಯಾವ ಮೂಲೆಯಲ್ಲಾದರೂ ದೊರೆಯಬಹುದು. ಡೊಂಬಿವಲಿಯಲ್ಲಿ ಬೆಳೆದ ಹುಡುಗಿಗೆ ಈಶಾನ್ಯ ರಾಜ್ಯವೊಂದರ ಸರಕಾರಿ ಕಾಲೇಜು ಬಂದಾಗ ತಂದೆತಾಯಿಗಳು ಹಿಂಜರಿಯುವುದುಂಟು. ಎರಡನೆಯದು ಹಣ. ಡೀಮ್ಡ್ ವಿಶ್ವವಿದ್ಯಾಲಯಗಳ ಶುಲ್ಕ ವರ್ಷಕ್ಕೆ 20 ಲಕ್ಷ ರೂಪಾಯಿಗಳನ್ನು ಮೀರುವುದೂ ಉಂಟು. ನಿವೃತ್ತಿಯ ಅಂಚಿನಲ್ಲಿರುವ ಬ್ಯಾಂಕ್ ನೌಕರನೊಬ್ಬ ತನ್ನ ಭವಿಷ್ಯನಿಧಿಯ ಲೆಕ್ಕವನ್ನು ಎರಡು ಸಲ ಹಾಕಿ ನೋಡಿ, ಕೊನೆಗೆ “ಬೇಡ” ಎನ್ನುತ್ತಾನೆ. ಮೂರನೆಯದು ಇನ್ನೂ ಉತ್ತಮವಾದ ಕಾಲೇಜು ದೊರೆತೀತೆಂಬ ಆಸೆ. ನಾಲ್ಕನೆಯದು ಮನೆಯ ಆಪತ್ತು: ತಂದೆಯ ಕಾಯಿಲೆ, ತಾಯಿಯ ಶಸ್ತ್ರಚಿಕಿತ್ಸೆ, ಅಕಾಲ ಮರಣ. ಐದನೆಯದು ಎಲ್ಲಕ್ಕಿಂತ ಗುಟ್ಟಾದುದು. “ನಾನು ನಿಜವಾಗಿ ವೈದ್ಯನಾಗಬೇಕೆ? ಇದು ನನ್ನ ಆಸೆಯೋ, ಅಪ್ಪನ ಆಸೆಯೋ?” ಎಂಬ ಅನುಮಾನ. ಈ ಐದನೆಯ ಕಾರಣ ಅನೇಕ ವೇಳೆ ಮೊದಲಿನ ನಾಲ್ಕರಲ್ಲಿ ಯಾವುದಾದರೊಂದರ ವೇಷ ತೊಟ್ಟು ಬರುತ್ತದೆ. ಕಾಲೇಜು ದೂರವಾಯಿತೆಂದು ಹೇಳುವ ಹುಡುಗನಿಗೆ ಅದೇ ಕಾಲೇಜು ಮನೆಯ ಮುಂದಿದ್ದರೂ ಹೋಗುವ ಮನಸ್ಸು ಇರುತ್ತಿರಲಿಲ್ಲವೇನೋ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ಇವುಗಳ ಜೊತೆಗೆ ಕಾರಣವೆಂದು ಕರೆಯಲಾಗದ ಇನ್ನೊಂದು ಸಂಗತಿಯೂ ಇದೆ: ಅಜಾಗರೂಕತೆಯಿಂದ ತುಂಬಿದ ಆಯ್ಕೆಪಟ್ಟಿ. ಕೋಚಿಂಗ್ ತರಗತಿಯವರು ಕೊಟ್ಟ ಯಾದಿಯನ್ನು ಹಾಗೆಯೇ ನಕಲು ಮಾಡಿ, ಎಂದೂ ಹೋಗಲಾರದ ಊರುಗಳ ಕಾಲೇಜುಗಳನ್ನೂ ಸೇರಿಸಿ, ಅಂತಹುದೊಂದು ದೊರೆತಾಗ ಕಂಗಾಲಾಗುವ ಕುಟುಂಬಗಳು ಕಡಮೆಯಲ್ಲ.

ಬಿಟ್ಟ ಸೀಟು ಕಾಯುವುದಿಲ್ಲ

ಇಂದು ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಇರುವುದು ಒಂದೇ ಹೆದ್ದಾರಿ. ಅದು ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆ. ಜನರ ಬಾಯಲ್ಲಿ ‘ನೀಟ್’. 2013ರಲ್ಲಿ ಮೊದಲ ಬಾರಿಗೆ ನಡೆದ ಈ ಪರೀಕ್ಷೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟು ರದ್ದುಗೊಳಿಸಿತ್ತು. 2016ರಲ್ಲಿ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ಹಿಂತೆಗೆದುಕೊಂಡ ಬಳಿಕ ಅದು ಮತ್ತೆ ಜಾರಿಗೆ ಬಂದಿತು. 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಇದನ್ನು ನಡೆಸುತ್ತ ಬಂದಿದೆ.

ಈ ವ್ಯವಸ್ಥೆಯಲ್ಲಿ ಮೊದಲು ತಿಳಿಯಬೇಕಾದ ಮಾತೆಂದರೆ, ಪರೀಕ್ಷೆಯ ಅಂಕಗಳು ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತವೆ. ಕಳೆದ ವರ್ಷ ಗಳಿಸಿದ ಸ್ಥಾನವನ್ನು ತೋರಿಸಿ ಈ ವರ್ಷ ಸೀಟು ಕೇಳುವಂತಿಲ್ಲ. ಕಾಲೇಜಿಗೆ ಪತ್ರ ಬರೆದು ಒಂದು ವರ್ಷ ಸೀಟನ್ನು ಕಾದಿರಿಸಿಕೊಳ್ಳುವ ಅವಕಾಶವೂ ಇಲ್ಲ. ಬಿಟ್ಟ ಸೀಟು ಮುಂದಿನ ಸುತ್ತಿನಲ್ಲಿ ಇನ್ನೊಬ್ಬರ ಪಾಲಾಗುತ್ತದೆ. ಮತ್ತೆ ಬರುವವನು ಸಾಲಿನ ಕೊನೆಯಲ್ಲಿ, ಹೊಸಬರೊಡನೆ ಹೊಸಬನಾಗಿ ನಿಲ್ಲಬೇಕು.

ಎರಡನೆಯ ಮಾತು, ಯಾವ ಸುತ್ತಿನಲ್ಲಿ ಬಿಡಲಾಯಿತು ಎಂಬುದು. ಅಖಿಲ ಭಾರತ ಕೋಟಾದ ಸೀಟುಗಳನ್ನೂ ಡೀಮ್ಡ್ ಮತ್ತು ಕೇಂದ್ರೀಯ ಸಂಸ್ಥೆಗಳ ಸೀಟುಗಳನ್ನೂ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಸಮಿತಿಯ 2024ರ ನಿಯಮಗಳಂತೆ, ಮೊದಲ ಸುತ್ತಿನಲ್ಲಿ ದೊರೆತ ಸೀಟಿಗೆ ಸೇರದೆ ಉಳಿದರೆ ಯಾವ ನಷ್ಟವೂ ಇರಲಿಲ್ಲ. ಎರಡನೆಯ ಸುತ್ತಿನಲ್ಲಿ ಸೇರದಿದ್ದರೆ ಭದ್ರತಾ ಠೇವಣಿ ಮುಟ್ಟುಗೋಲಾಗುತ್ತಿತ್ತು. ಈ ಠೇವಣಿ ಅಖಿಲ ಭಾರತ ಕೋಟಾದಲ್ಲಿ ಸಾಮಾನ್ಯ ವರ್ಗದವರಿಗೆ 10,000 ರೂಪಾಯಿ. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ 2 ಲಕ್ಷ ರೂಪಾಯಿ. ಎಲ್ಲ ಸುತ್ತುಗಳೂ ಮುಗಿದು ಉಳಿದ ಸೀಟುಗಳನ್ನು ಹಂಚುವ ಕಟ್ಟಕಡೆಯ ಸುತ್ತಿನಲ್ಲಿ ದೊರೆತ ಸೀಟಿಗೆ ಸೇರದವರಿಗೆ ಠೇವಣಿಯ ನಷ್ಟದ ಜೊತೆಗೆ ಒಂದು ವರ್ಷ ಪರೀಕ್ಷೆಗೆ ಕೂರುವ ಹಕ್ಕೂ ತಪ್ಪುತ್ತಿತ್ತು. “ಮುಂದಿನ ವರ್ಷ ನೋಡೋಣ” ಎಂದು ಕೊನೆಯ ಸುತ್ತಿನ ಸೀಟನ್ನು ಬಿಟ್ಟವನಿಗೆ ಆ ಮುಂದಿನ ವರ್ಷವೇ ಇಲ್ಲದಂತಾಗುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸಾಲು ಬಿಡದೆ ಓದುವುದು ಅವಶ್ಯ.

ಸೇರಿ ಕೆಲವು ದಿನ ಕಲಿತು ಬಿಡುವವರ ಸ್ಥಿತಿ ಇನ್ನೂ ಕಠಿಣ. ರಾಜೀನಾಮೆಗೆ ಗೊತ್ತಾದ ದಿನಾಂಕ ದಾಟಿದ ಮೇಲೆ ಬಿಟ್ಟರೆ ಕಟ್ಟಿದ ಶುಲ್ಕ ಹಿಂದಿರುಗದೆ ಹೋಗಬಹುದು. ಕೆಲವು ರಾಜ್ಯಗಳಲ್ಲಿ, ಕೆಲವು ಕಾಲೇಜುಗಳಲ್ಲಿ ಮುಚ್ಚಳಿಕೆಯ ಪ್ರಕಾರ ದಂಡ ತೆರಬೇಕಾಗುತ್ತದೆ. ಮೂಲ ಪ್ರಮಾಣಪತ್ರಗಳು ಕಾಲೇಜಿನ ವಶದಲ್ಲಿರುತ್ತವೆ. ಅವನ್ನು ಬಿಡಿಸಿಕೊಳ್ಳದೆ ಮತ್ತೊಂದು ಕಡೆ ಸೇರಲಾಗದು.

ಇಷ್ಟಾದರೂ ಬಾಗಿಲು ಮುಚ್ಚಿಲ್ಲವೆಂಬುದು ಸಮಾಧಾನದ ಸಂಗತಿ. ಹಿಂದೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕೆಂಬುದು ಕೆಳಗಿನ ಮಿತಿ. ಎಷ್ಟು ಬಾರಿ ಬರೆಯಬಹುದೆಂಬುದಕ್ಕೂ ಮಿತಿಯನ್ನು ಇಟ್ಟಿಲ್ಲ. ಹೀಗಾಗಿ 19 ವರ್ಷದ ಮಗನಾಗಲಿ ಮಗಳಾಗಲಿ “ಕಾಲ ಮೀರಿತು” ಎಂದು ಕೊರಗಬೇಕಾದ ಕಾರಣವಿಲ್ಲ.

ಯಾವ ರಾಜ್ಯದ ವಿದ್ಯಾರ್ಥಿ?

ಹೊರನಾಡ ಕನ್ನಡಿಗರಿಗೆ ಸಂಬಂಧಿಸಿದ ವಿಶೇಷ ತೊಡಕೊಂದಿದೆ. ರಾಜ್ಯಗಳ ಸರಕಾರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದ 85 ಆ ರಾಜ್ಯದವರಿಗೆ. ‘ಆ ರಾಜ್ಯದವರು’ ಯಾರೆಂಬುದನ್ನು ಪ್ರತಿಯೊಂದು ರಾಜ್ಯವೂ ತನ್ನದೇ ಆದ ಅಳತೆಗೋಲಿನಿಂದ ನಿರ್ಧರಿಸುತ್ತದೆ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ 10 ಮತ್ತು 12ನೆಯ ತರಗತಿಗಳನ್ನು ಅಲ್ಲಿಯೇ ಮುಗಿಸಿರಬೇಕು, ಜೊತೆಗೆ ಅಧಿವಾಸ ಪ್ರಮಾಣಪತ್ರ ಬೇಕು. ದೆಹಲಿಯ ಕೋಟಾಕ್ಕೆ 11 ಮತ್ತು 12ನೆಯ ತರಗತಿಗಳನ್ನು ದೆಹಲಿಯ ಶಾಲೆಯಲ್ಲಿ ಓದಿರಬೇಕು. ತೆಲಂಗಾಣದಲ್ಲಿ ಅರ್ಹತಾ ಪರೀಕ್ಷೆಗೆ ಮುಂಚಿನ ನಾಲ್ಕು ವರ್ಷಗಳ ವ್ಯಾಸಂಗ ಅಲ್ಲಿಯೇ ನಡೆದಿರಬೇಕೆಂಬ ನಿಯಮವನ್ನು 2025ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ತಂದೆಯ ವರ್ಗಾವಣೆಯೊಡನೆ ಊರೂರು ಸುತ್ತಿದ ಮಕ್ಕಳು ಇದರಿಂದ ಪೇಚಿಗೆ ಸಿಲುಕುತ್ತಾರೆ. ಹತ್ತನೆಯ ತರಗತಿ ಪುಣೆಯಲ್ಲಿ, ಹನ್ನೆರಡನೆಯದು ಹೈದರಾಬಾದಿನಲ್ಲಿ ಆದರೆ ಎರಡೂ ಕಡೆ ಹೊರಗಿನವರಾಗುವ ಸಂಭವವುಂಟು. ಸೀಟು ಬಿಟ್ಟು ಮತ್ತೆ ಯತ್ನಿಸುವವರು ಇಲ್ಲಿ ಒಂದು ತಪ್ಪು ಎಣಿಕೆಯನ್ನು ಮಾಡುವುದುಂಟು. “ಈ ವರ್ಷ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಅಜ್ಜಿಯ ಮನೆಯಲ್ಲಿದ್ದು ಕೋಚಿಂಗ್ ಪಡೆದರೆ ಕರ್ನಾಟಕದ ಸೀಟಿಗೂ ಅರ್ಹತೆ ಬಂದೀತು” ಎಂದು ಅವರು ಭಾವಿಸುತ್ತಾರೆ. ಕೋಚಿಂಗ್ ಎಲ್ಲಿ ಪಡೆದರೂ ಅರ್ಹತೆ ಬದಲಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಶಾಲಾ ವ್ಯಾಸಂಗದ ದಾಖಲೆ. ಕರ್ನಾಟಕದ ಸರಕಾರಿ ಸೀಟುಗಳಿಗೆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ಅಳತೆ. ಇದಲ್ಲದೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯೊಂದನ್ನು ನಡೆಸುತ್ತ ಬಂದಿದೆ. ಆ ವರ್ಗದ ಸೌಲಭ್ಯ ಯಾವ ಯಾವ ಶಿಕ್ಷಣಕ್ಕೆ, ಯಾರಿಗೆ ಅನ್ವಯಿಸುತ್ತದೆಂಬುದನ್ನು ಆ ವರ್ಷದ ಪುಸ್ತಿಕೆಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಬೇಕು. ಮಕ್ಕಳಿಗೆ ಕನ್ನಡ ಓದುಬರಹ ಕಲಿಸಿದ ಮನೆಗಳಿಗೆ ಇದೊಂದು ನೆನಪಿಡತಕ್ಕ ದಾರಿ. ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಹೊರರಾಜ್ಯದವರಿಗೂ ತೆರೆದಿರುವ ಸೀಟುಗಳಿವೆಯಾದರೂ ಅಲ್ಲಿಯ ಶುಲ್ಕ ಸರಕಾರಿ ಸೀಟಿನ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚು.

ಹನ್ನೆರಡನೆಯ ತರಗತಿಯನ್ನೇ ಬೇರೊಂದು ರಾಜ್ಯದಲ್ಲಿ ಮತ್ತೆ ಬರೆಯುವ ಯೋಚನೆ ಇರುವವರಂತೂ ಇರುವ ಅರ್ಹತೆಯನ್ನೂ ಕಳೆದುಕೊಂಡೇವೆ ಎಂದು ಮೊದಲೇ ವಿಚಾರಿಸತಕ್ಕದ್ದು.

ಕಳೆದ ವರ್ಷದ ಅಂಕದ ಭರವಸೆ

“ಒಮ್ಮೆ ಸೀಟು ಬಂದವನಿಗೆ ಇನ್ನೊಮ್ಮೆ ಬರದೇ ಇರುತ್ತದೆಯೆ?” ಎಂಬುದು ಮನೆಮನೆಯ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಒಮ್ಮೆ ಸ್ಥಾನ ಗಳಿಸಿದವನ ಅಡಿಪಾಯ ಭದ್ರವಾಗಿರುತ್ತದೆಂಬುದು ನಿಜ. ಆದರೆ ಪರೀಕ್ಷೆಯ ಗಾಳಿ ಪ್ರತಿವರ್ಷ ಒಂದೇ ದಿಕ್ಕಿಗೆ ಬೀಸುವುದಿಲ್ಲ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿ 720ಕ್ಕೆ 720 ಅಂಕಗಳನ್ನೇ ಪಡೆದಿದ್ದರು. ಮರುವರ್ಷ, 2025ರಲ್ಲಿ, ಇಡೀ ದೇಶದ ಅತ್ಯುಚ್ಚ ಅಂಕವೇ 686 ಆಗಿತ್ತು. ಒಂದು ವರ್ಷ 650 ಅಂಕ ಗಳಿಸಿದವನಿಗೆ ದೊರೆಯದ ಕಾಲೇಜು ಮತ್ತೊಂದು ವರ್ಷ ಅದಕ್ಕಿಂತ ಬಹಳ ಕಡಮೆ ಅಂಕಕ್ಕೆ ದೊರೆಯಬಹುದು. ಇದಕ್ಕೆ ವಿರುದ್ಧವಾಗಿಯೂ ಆಗಬಹುದು. ಆದುದರಿಂದ ಹೋಲಿಸಬೇಕಾದುದು ಅಂಕಗಳನ್ನಲ್ಲ, ಅಖಿಲ ಭಾರತ ಶ್ರೇಣಿಯನ್ನು.

ಸ್ಪರ್ಧೆಯ ಪ್ರಮಾಣವನ್ನೂ ಕಣ್ಣೆದುರು ಇಟ್ಟುಕೊಳ್ಳಬೇಕು. 2025ರಲ್ಲಿ ಸುಮಾರು 22 ಲಕ್ಷ ಮಂದಿ ಪರೀಕ್ಷೆ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. 2024–25ರಲ್ಲಿ ದೇಶದ ಎಲ್ಲ ಕಾಲೇಜುಗಳ ಎಂ.ಬಿ.ಬಿ.ಎಸ್. ಸೀಟುಗಳು ಸೇರಿ 1 ಲಕ್ಷ 17 ಸಾವಿರವನ್ನು ಮೀರಿದ್ದವು. ಅಂದರೆ ಅರ್ಹರಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಒಂದು ಸೀಟು. ಅದರಲ್ಲಿಯೂ ಕಡಮೆ ಶುಲ್ಕದ ಸರಕಾರಿ ಸೀಟು ಸುಮಾರು ಅರ್ಧ ಮಾತ್ರ. ಪರೀಕ್ಷೆಯ ರಚನೆಯೂ ಸ್ಥಿರವಲ್ಲ. 2021ರಿಂದ 2024ರವರೆಗೆ ಇದ್ದ ಐಚ್ಛಿಕ ಪ್ರಶ್ನೆಗಳನ್ನು 2025ರಲ್ಲಿ ತೆಗೆದು, 180 ನಿಮಿಷಗಳಲ್ಲಿ 180 ಪ್ರಶ್ನೆಗಳನ್ನು ಬಿಡಿಸುವ ಹಳೆಯ ಕ್ರಮಕ್ಕೆ ಮರಳಲಾಯಿತು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಇಂತಹ ಪರೀಕ್ಷೆಯಲ್ಲಿ ಐದಾರು ಪ್ರಶ್ನೆಗಳ ಏರುಪೇರು ಸಾವಿರಾರು ಸ್ಥಾನಗಳಷ್ಟು ಕೆಳಗೆ ತಳ್ಳಬಲ್ಲುದು.

ಯಂತ್ರ ಕೇಳದ ಪ್ರಶ್ನೆ

ಅಮೆರಿಕದಲ್ಲಿ ವೈದ್ಯಕೀಯ ಪ್ರವೇಶದ ರೀತಿ ಬೇರೆ. ಅಲ್ಲಿ ಪದವಿಯ ಬಳಿಕವೇ ವೈದ್ಯಕೀಯ ವ್ಯಾಸಂಗ. ಪರೀಕ್ಷೆಯ ಅಂಕಗಳ ಜೊತೆಗೆ ಸ್ವವಿವರದ ಪ್ರಬಂಧ, ಅಧ್ಯಾಪಕರ ಶಿಫಾರಸು, ಸಂದರ್ಶನ ಇವೆಲ್ಲವನ್ನೂ ತೂಗಿ ನೋಡುತ್ತಾರೆ. ತಕ್ಕ ಕಾರಣವಿದ್ದರೆ ಒಂದು ವರ್ಷ ಪ್ರವೇಶವನ್ನು ಮುಂದೂಡಲು ಒಪ್ಪುವ ಕಾಲೇಜುಗಳೂ ಅಲ್ಲಿವೆ. ಆದರೆ ದೊರೆತ ಪ್ರವೇಶವನ್ನು ನಿರಾಕರಿಸಿ ಮತ್ತೆ ಅರ್ಜಿ ಹಾಕಿದವನನ್ನು ಅಲ್ಲಿ ಸಂದೇಹದಿಂದ ನೋಡುವುದು ಸಾಮಾನ್ಯ. “ಹಿಂದೆ ಏಕೆ ಬಿಟ್ಟಿರಿ? ಈಗ ಏನು ಬದಲಾಗಿದೆ?” ಎಂಬ ಪ್ರಶ್ನೆಗೆ ಅವನು ನೇರವಾದ ಉತ್ತರವನ್ನು ಕೊಡಬೇಕಾಗುತ್ತದೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗಣಕಯಂತ್ರಕ್ಕೆ ಬೇಕಾಗಿರುವುದು ಶ್ರೇಣಿ, ವರ್ಗ, ಆಯ್ಕೆಪಟ್ಟಿ ಇಷ್ಟೇ. ಕಳೆದ ವರ್ಷ ಸೀಟು ಬಿಟ್ಟವನೆಂಬ ಕಾರಣಕ್ಕೆ ಅದು ಅವನನ್ನು ಹೀನಾಯವಾಗಿ ಕಾಣುವುದಿಲ್ಲ. ಇದು ಒಂದು ಬಗೆಯಲ್ಲಿ ಅನುಕೂಲವೇ ಸರಿ. ಆದರೆ ಹೊರಗೆ ಯಾರೂ ಕೇಳದ ಪ್ರಶ್ನೆಯನ್ನು ಮನೆಯೊಳಗೂ ಕೇಳದೆ ಬಿಟ್ಟರೆ ವರ್ಷವೊಂದು ಸುಮ್ಮನೆ ಕಳೆದು, ಮರಳಿ ಅದೇ ಕವಲುದಾರಿಯಲ್ಲಿ ನಿಲ್ಲಬೇಕಾದೀತು. ಮತ್ತೆ ಅರ್ಜಿ ಹಾಕುವ ಮುನ್ನ ವಿದ್ಯಾರ್ಥಿ ಮತ್ತು ತಂದೆತಾಯಿಗಳು ಒಟ್ಟಿಗೆ ಕುಳಿತು, ಅಂದು ಸೀಟು ಬಿಡಿಸಿದ ಕಾರಣ ಇಂದು ಇಲ್ಲವಾಗಿದೆಯೆ ಎಂದು ವಿಚಾರ ಮಾಡಬೇಕು.

ಕಾರಣ ದೂರವಾಗಿದ್ದರೆ, ಮುಂದಿನ ಬಾರಿಯೂ ದೂರದ ಕಾಲೇಜೇ ಬರುವ ಸಂಭವವಿಲ್ಲವೆ? ಬಂದರೆ ಹೋಗಲು ಈಗ ಸಿದ್ಧವೆ? ಸಿದ್ಧವೆಂದಾದರೆ ಅಂತಹ ಊರುಗಳ ಪಟ್ಟಿಯನ್ನು ಮೊದಲೇ ಮಾಡಬೇಕು. ಅಲ್ಲವೆಂದಾದರೆ ಅವನ್ನು ಆಯ್ಕೆಪಟ್ಟಿಗೆ ಸೇರಿಸಲೇಬಾರದು. ಊರಿನಿಂದ ಮುಂಬಯಿಗೆ ಹದಿನೆಂಟರ ಹರೆಯದಲ್ಲಿ ಒಬ್ಬರೇ ರೈಲು ಹತ್ತಿ ಬಂದ ತಂದೆ, ಮಗಳು ಅಷ್ಟೇ ದೂರ ಹೋಗುವುದನ್ನು ತಡೆಯುವಾಗ ಒಮ್ಮೆ ತನ್ನ ದಾರಿಯನ್ನು ನೆನೆದುಕೊಳ್ಳುವುದು ಒಳ್ಳೆಯದು.

ಕಾರಣ ಹಣವಾಗಿದ್ದರೆ, ಈ ವರ್ಷ ಹಣದ ಸ್ಥಿತಿ ಸುಧಾರಿಸಿದೆಯೆ, ಅಥವಾ ಸರಕಾರಿ ಸೀಟು ದೊರೆಯುವಷ್ಟು ಶ್ರೇಣಿ ಏರುವ ಸಾಧ್ಯತೆ ಇದೆಯೆ? ಎರಡೂ ಇಲ್ಲದಿದ್ದರೆ ಅದೇ ಶುಲ್ಕದ ಚೀಟಿ ಮತ್ತೆ ಕೈಗೆ ಬರುತ್ತದೆ. ಕೋಚಿಂಗ್, ವಸತಿ, ಊಟಗಳ ವೆಚ್ಚವನ್ನೂ ಅದಕ್ಕೆ ಕೂಡಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾಗಲು ವಾರಗಳೇ ಹಿಡಿಯಬಹುದು. ಸೀಟು ಬಂದ ಮೇಲೆ ಸೇರಲು ಕೊಡುವುದು ಕೆಲವೇ ದಿನ. ಸೀಟು ಬರುವ ಮೊದಲೇ ಬ್ಯಾಂಕಿನವರೊಡನೆ ಮಾತನಾಡಿ ಕಾಗದಪತ್ರಗಳನ್ನು ಸಜ್ಜುಗೊಳಿಸಿದ್ದರೆ ಹಣದ ಕಾರಣಕ್ಕೆ ಬಿಟ್ಟ ಎಷ್ಟೋ ಸೀಟುಗಳು ಉಳಿಯುತ್ತಿದ್ದವು.

ಕಾರಣ ಉತ್ತಮ ಕಾಲೇಜಿನ ಆಸೆಯಾಗಿದ್ದರೆ, ಆ ಆಸೆಗೊಂದು ಗೆರೆ ಎಳೆಯಬೇಕು. ಎಷ್ಟನೆಯ ಶ್ರೇಣಿಯವರೆಗೆ ಕಾಯುವುದು, ಅದು ದೊರೆಯದಿದ್ದರೆ ಯಾವ ಕಾಲೇಜನ್ನು ಒಪ್ಪುವುದು ಎಂದು ಬರೆದಿಡಬೇಕು. ಸೀಟನ್ನು ಬಿಡದೆಯೇ ಮೇಲೇರುವ ದಾರಿಯೂ ಕೌನ್ಸೆಲಿಂಗ್‌ನಲ್ಲಿದೆ. ಮೊದಲ ಸುತ್ತಿನಲ್ಲಿ ದೊರೆತ ಕಾಲೇಜಿಗೆ ಸೇರಿ, ಮೇಲ್ದರ್ಜೆಗೆ ಒಪ್ಪಿಗೆ ಸೂಚಿಸಿದರೆ, ಎರಡನೆಯ ಸುತ್ತಿನಲ್ಲಿ ಇನ್ನೂ ಮೇಲಿನ ಆಯ್ಕೆ ದೊರೆತಾಗ ಅಲ್ಲಿಗೆ ಹೋಗಬಹುದು. ದೊರೆಯದಿದ್ದರೆ ಮೊದಲಿನದು ಕೈಯಲ್ಲಿಯೇ ಉಳಿಯುತ್ತದೆ. ಇದನ್ನು ತಿಳಿಯದೆ ಮೊದಲ ಸೀಟನ್ನು ತಿರಸ್ಕರಿಸಿ ಎರಡೂ ಇಲ್ಲದಂತಾದವರಿದ್ದಾರೆ.

ಕಾರಣ ಮನೆಯ ಆಪತ್ತಾಗಿದ್ದರೆ, ಮರುಪ್ರಯತ್ನಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರಿಲ್ಲ. ತಂದೆಯ ಹಾಸಿಗೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕುಳಿತ ಮಗ ಸೀಟನ್ನು ಕಳೆದುಕೊಂಡಿರಬಹುದು. ರೋಗಿಯ ಮನೆಯವರ ಕಳವಳವೇನೆಂಬುದನ್ನು ಮಾತ್ರ ಅವನು ಪುಸ್ತಕಕ್ಕಿಂತ ಮೊದಲೇ ಕಲಿತಿರುತ್ತಾನೆ. ಆದರೆ ಆ ಶುಶ್ರೂಷೆಯ ಭಾರ ಈಗ ಯಾರ ಹೆಗಲಿಗೆ ಎಂಬುದನ್ನು ತೀರ್ಮಾನಿಸದೆ ಅವನನ್ನು ಓದಲು ಕೂರಿಸಿದರೆ ಫಲವಿಲ್ಲ.

ಇನ್ನು ಐದನೆಯ ಕಾರಣ. ವೈದ್ಯನಾಗುವ ಮನಸ್ಸಿದೆಯೆ ಎಂಬ ಅನುಮಾನ ತೀರದೆ ಮತ್ತೆ ಪರೀಕ್ಷೆಗೆ ಕೂರುವುದು ಸರಿಯಲ್ಲ. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷ ವ್ಯಾಸಂಗ, ಬಳಿಕ ಒಂದು ವರ್ಷ ಕಡ್ಡಾಯ ತರಬೇತಿ. ಸ್ನಾತಕೋತ್ತರ ಅಧ್ಯಯನಕ್ಕೆ ಮತ್ತೆ ಮೂರು ವರ್ಷ. ಇಷ್ಟು ದೀರ್ಘವಾದ ದಾರಿಯನ್ನು ಇನ್ನೊಬ್ಬರ ಒತ್ತಾಯದ ಮೇಲೆ ನಡೆಯಲಾಗದು. ಸಂಘದ ಸದಸ್ಯರಲ್ಲಿ ವೈದ್ಯರಿದ್ದರೆ, ಅವರ ಅನುಮತಿ ಪಡೆದು ಚಿಕಿತ್ಸಾಲಯದಲ್ಲಿ ನಾಲ್ಕಾರು ದಿನ ಅವರ ದಿನಚರಿಯನ್ನು ಕಣ್ಣಾರೆ ಕಂಡು ಬರುವುದು ಹತ್ತು ಉಪದೇಶಗಳಿಗಿಂತ ಮೇಲು.

ವರ್ಷದ ವ್ಯವಸ್ಥೆ

ವಿಚಾರ ಮಾಡಿ ಮರುಪ್ರಯತ್ನವೆಂದು ನಿಶ್ಚಯಿಸಿದ ಮೇಲೆ ವರ್ಷಕ್ಕೊಂದು ಚೌಕಟ್ಟು ಬೇಕು. ಬೇರೆ ಪದವಿಗೆ ಸೇರಿಕೊಂಡು ಓದುವುದೋ, ಪೂರ್ತಿ ವರ್ಷವನ್ನು ಪರೀಕ್ಷೆಗೇ ಮೀಸಲಿಡುವುದೋ ಎಂಬುದು ಮೊದಲ ನಿರ್ಧಾರ. ಬಿ.ಎಸ್ಸಿ.ಗೆ ಸೇರಿದರೆ ಒಂದು ಆಸರೆ ಇರುತ್ತದೆ, ಸಮಯ ಹಂಚಿಹೋಗುತ್ತದೆ. ಸೇರದಿದ್ದರೆ ಸಮಯ ಪೂರ್ತಿ ಸಿಗುತ್ತದೆ, ಆಸರೆ ಇರುವುದಿಲ್ಲ. ಯಾವುದನ್ನೇ ಆರಿಸಿದರೂ ಪರೀಕ್ಷೆ ಫಲಿಸದಿದ್ದರೆ ಮುಂದೇನೆಂಬುದನ್ನು ಆರಂಭದಲ್ಲಿಯೇ ಗೊತ್ತುಮಾಡಿಕೊಂಡಿರಬೇಕು.

ಕಾಗದಪತ್ರಗಳನ್ನು ಒಂದೇ ಕಡೆ ಜೋಡಿಸಿಡಬೇಕು: ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಅಧಿವಾಸ ಪ್ರಮಾಣಪತ್ರ, ಅನ್ವಯಿಸುವುದಾದರೆ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು. ವ್ಯಾಸಂಗದಲ್ಲಿ ವರ್ಷವೊಂದು ಖಾಲಿ ಬಿದ್ದುದಕ್ಕೆ ಮುದ್ರಾಂಕ ಕಾಗದದ ಮೇಲೆ ಪ್ರಮಾಣಪತ್ರವನ್ನು ಹಲವು ಕಡೆ ಕೇಳುತ್ತಾರೆ. ಹಿಂದಿನ ವರ್ಷ ಎಲ್ಲಿಯಾದರೂ ಸೇರಿದ್ದರೆ ಪ್ರವೇಶ ರದ್ದಾದುದಕ್ಕೆ ಲಿಖಿತ ಪುರಾವೆ ಇರಬೇಕು. ಆಯ್ಕೆಪಟ್ಟಿಯನ್ನು ಫಲಿತಾಂಶದ ಗಡಿಬಿಡಿಯಲ್ಲಿ ತಯಾರಿಸಬಾರದು. ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆ “ಇದು ದೊರೆತರೆ ಹೋಗುವುದು ನಿಶ್ಚಯ” ಎಂದು ಹೇಳಲು ಸಾಧ್ಯವಾಗಬೇಕು. ಹಾಗೆ ಹೇಳಲಾಗದ ಹೆಸರನ್ನು ಅಳಿಸಿಹಾಕಬೇಕು.

ದೇಹ ಮತ್ತು ಮನಸ್ಸು

ಸೀಟು ದೊರೆಯದವನ ದುಃಖಕ್ಕೂ ಬಿಟ್ಟವನ ದುಃಖಕ್ಕೂ ಭೇದವಿದೆ. ದೊರೆಯದವನು ಅದೃಷ್ಟವನ್ನು ಹಳಿದು ಸುಮ್ಮನಾಗಬಹುದು. ಬಿಟ್ಟವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಜೊತೆಗಾರರು ಬಿಳಿಯ ಕೋಟು ತೊಟ್ಟ ಚಿತ್ರಗಳನ್ನು ಕಂಡಾಗಲೆಲ್ಲ ಗಾಯ ಕೆದಕಿದಂತಾಗುತ್ತದೆ. ಇದಕ್ಕೆ ತಂದೆತಾಯಿಗಳು “ಅಂದೇ ಸೇರಿದ್ದರೆ ಇಷ್ಟು ಹೊತ್ತಿಗೆ ಒಂದು ವರ್ಷ ಮುಗಿಯುತ್ತಿತ್ತು” ಎಂಬ ಮಾತನ್ನು ಸೇರಿಸಿದರೆ ಓದು ಮುಂದೆ ಸಾಗದು. ಬಿಡುವ ನಿರ್ಧಾರ ಬಹುಪಾಲು ಮನೆಗಳಲ್ಲಿ ಎಲ್ಲರೂ ಸೇರಿ ಮಾಡಿದುದೇ ಆಗಿರುತ್ತದೆ. ಅದರ ಹೊಣೆಯನ್ನು ಮಗುವೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ದೇಹದ ವಿಷಯದಲ್ಲಿ ಮೊದಲ ಸ್ಥಾನ ನಿದ್ರೆಗೆ. ಈ ವಯಸ್ಸಿನವರಿಗೆ ದಿನಕ್ಕೆ ಏಳರಿಂದ ಒಂಬತ್ತು ಗಂಟೆಗಳ ನಿದ್ರೆ ಬೇಕು. ಹಗಲು ಓದಿದುದು ನೆನಪಿನಲ್ಲಿ ನೆಲೆಗೊಳ್ಳುವ ಕ್ರಿಯೆ ನಿದ್ರೆಯಲ್ಲಿಯೇ ನಡೆಯುತ್ತದೆ. ರಾತ್ರಿ ಎರಡರವರೆಗೆ ಚಹಾ ಕುಡಿದು ಓದಿದುದು ಬೆಳಗಿಗೆ ಸೋರಿಹೋಗುತ್ತದೆ. 2025ರ ಪರೀಕ್ಷೆ ಮಧ್ಯಾಹ್ನ 2ರಿಂದ 5ರವರೆಗೆ ನಡೆಯಿತು. ಊಟದ ಬಳಿಕ ಮಂಪರು ಕವಿಯುವ ಆ ಹೊತ್ತಿನಲ್ಲಿಯೇ ವಾರಕ್ಕೆರಡು ಬಾರಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವ ಅಭ್ಯಾಸ ಒಳ್ಳೆಯದು. ಒಂದು ಕೋಣೆ, ಅಡುಗೆಮನೆಯ ಸಂಸಾರದಲ್ಲಿ ಓದಲು ಮೂಲೆಯೊಂದು ದೊರೆಯದಿದ್ದರೆ ಸಂಘದ ವಾಚನಾಲಯದ ಮೇಜನ್ನು ಬೆಳಗಿನ ಹೊತ್ತು ಬಿಟ್ಟುಕೊಡುವುದು ಸಂಘಗಳು ಮಾಡಬಹುದಾದ ದೊಡ್ಡ ಉಪಕಾರ. ದಿನಕ್ಕೆ ಅರ್ಧ ಗಂಟೆಯ ನಡಿಗೆ, ಹೊತ್ತಿಗೆ ಸರಿಯಾದ ಊಟ, ವಾರಕ್ಕೊಂದು ಸಂಜೆ ಸ್ನೇಹಿತರೊಡನೆ ಮಾತು—ಇವು ಸಮಯದ ಅಪವ್ಯಯವಲ್ಲ.

ಎರಡು ವಾರಕ್ಕೂ ಮೀರಿ ನಿದ್ರೆ ಕೆಟ್ಟಿದ್ದರೆ, ಊಟ ಬೇಡವಾಗಿದ್ದರೆ, ಯಾರೊಡನೆಯೂ ಮಾತಿಲ್ಲದೆ ಕೋಣೆ ಸೇರಿಕೊಂಡಿದ್ದರೆ, “ನಾನು ಯಾವುದಕ್ಕೂ ಬಾರದವನು” ಎಂಬ ಮಾತು ಮತ್ತೆ ಮತ್ತೆ ಕೇಳಿಬಂದರೆ ಅದನ್ನು ಸೋಮಾರಿತನವೆಂದೋ ನಾಟಕವೆಂದೋ ಭಾವಿಸಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬದುಕು ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ ನೆರವು ಪಡೆಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಸೇವೆಯ ಮುಖ್ಯ ಕೇಂದ್ರ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದಾದುದರಿಂದ, ಪರಭಾಷೆಯ ನಗರದಲ್ಲಿ ಮನಸ್ಸಿನ ನೋವನ್ನು ತೋಡಿಕೊಳ್ಳಲು ಪದ ಸಿಗದವರಿಗೆ ಇದು ಆಪ್ತವಾದ ಆಸರೆ.

ಹಿಂತಿರುಗುವುದು, ಹಿಂತಿರುಗದಿರುವುದು

ವಿಚಾರ ಮಾಡಿದ ಮೇಲೆ ಕೆಲವರಿಗೆ ಮತ್ತೆ ಅರ್ಜಿ ಹಾಕುವುದು ಬೇಡವೆಂದೇ ತೋರಬಹುದು. ಅದೂ ಸೋಲಲ್ಲ. 2009ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ತಾರುಣ್ಯದಲ್ಲಿ ಬರೋಡಾದಲ್ಲಿ ವೈದ್ಯಕೀಯ ಸೀಟು ದೊರೆತಿತ್ತು. ರಾಷ್ಟ್ರೀಯ ವಿಜ್ಞಾನ ಪ್ರತಿಭಾ ವಿದ್ಯಾರ್ಥಿವೇತನ ಲಭಿಸಿದಾಗ ಅವರು ಅದನ್ನು ಬಿಟ್ಟು ಭೌತವಿಜ್ಞಾನವನ್ನು ಆರಿಸಿಕೊಂಡರು. ಮುಂದೆ ಜೀವಕೋಶದಲ್ಲಿ ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮಿನ ರಚನೆಯನ್ನು ಬಿಡಿಸಿದ ಅವರ ಸಂಶೋಧನೆ ಪ್ರತಿಜೀವಕ ಔಷಧಗಳ ಕೆಲಸವನ್ನು ಅರಿಯಲು ನೆರವಾಯಿತು. ಇನ್ನೊಂದು ಕಡೆ, ಧರ್ಮಶಾಸ್ತ್ರದಲ್ಲಿಯೂ ಸಂಗೀತದಲ್ಲಿಯೂ ಹೆಸರು ಗಳಿಸಿದ್ದ ಆಲ್ಬರ್ಟ್ ಶ್ವೈಟ್ಸರ್ 1905ರಲ್ಲಿ, ತಮ್ಮ 30ನೆಯ ವಯಸ್ಸಿನಲ್ಲಿ, ವೈದ್ಯಕೀಯ ವ್ಯಾಸಂಗವನ್ನು ಮೊದಲಿನಿಂದ ಆರಂಭಿಸಿದರು. 1913ರಲ್ಲಿ ಆಫ್ರಿಕದ ಲಾಂಬರೆನೆಗೆ ತೆರಳಿ ಆಸ್ಪತ್ರೆ ಕಟ್ಟಿದರು. ಒಬ್ಬರು ಬಿಟ್ಟರು, ಒಬ್ಬರು ತಡವಾಗಿ ಹಿಡಿದರು. ತಾವು ಹಾಗೆ ಮಾಡುತ್ತಿರುವುದು ಏಕೆಂಬುದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ನಡೆಯಬೇಕಾದ ಆ ಮಾತುಕತೆಗೆ ಒಂದು ಭಾನುವಾರದ ಬೆಳಗು ಸಾಕು. ಒಂದು ಹಾಳೆಯ ಎಡಭಾಗದಲ್ಲಿ ಅಂದು ಸೀಟು ಬಿಟ್ಟ ನಿಜವಾದ ಕಾರಣವನ್ನು ಬರೆಯಲಿ. ಬಲಭಾಗದಲ್ಲಿ ಇಂದು ಅದರ ಸ್ಥಿತಿಯೇನೆಂದು ಬರೆಯಲಿ. ಬರೆಯುವ ಕೈ ವಿದ್ಯಾರ್ಥಿಯದೇ ಆಗಿರಲಿ. ತಂದೆತಾಯಿಗಳು ಓದಿ, ಇಷ್ಟು ಹಣ, ಇಷ್ಟು ಕಾಲ, ಇಷ್ಟು ದೂರಕ್ಕೆ ತಮ್ಮ ಒಪ್ಪಿಗೆಯಿದೆಯೆಂದು ಕೆಳಗೆ ಸಹಿ ಮಾಡಲಿ. ಮುಂದಿನ ಬಾರಿ ಸೀಟು ಬಂದ ದಿನ ಮನೆಯಲ್ಲಿ ಗಡಿಬಿಡಿ ಎದ್ದಾಗ, ಸೇರಲು ಉಳಿದಿರುವ ಆ ನಾಲ್ಕಾರು ದಿನಗಳಲ್ಲಿ, ಮೊದಲು ತೆಗೆದು ನೋಡಬೇಕಾದುದು ಆ ಹಾಳೆಯನ್ನೇ.